ಎಣ್ಣೆಯಕ್ಕನ ಕೈ

ಆ ಬೀದಿಯಲ್ಲಿ ಅವಳಿಗೆ ಎಣ್ಣೆಯಕ್ಕ ಅಂತಲೇ ಹೆಸರಾಗಿಹೋಗಿತ್ತು. ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಕರೆಯುವವರು ಇರಲಿಲ್ಲ ಅಷ್ಟೇ. ಅಪ್ಪ ಉಕ್ಕಿಗೆ ಥ್ರೆಡ್ ಹಾಕುವಾಗ ಪಕ್ಕದಲ್ಲಿ ನಿಂತು ಎಣ್ಣೆ ಬಿಡುವುದು ಅವಳ ಕೆಲಸ. ಕೊಕ್ಕರೆ ಮೂಗಿನ ಹಾಗೆ ಉದ್ದ ಕೊಳವೆಯಿದ್ದ ಎಣ್ಣೆಡಬ್ಬಿ ಅವಳ ಕೈಗೆ ಬಂದದ್ದು ಸ್ಕೂಲು ಬಿಡಿಸಿದ ವರ್ಷ. ಆಮೇಲೆ ಅದು ಕೈಯಿಂದ ಇಳಿಯಲೇ ಇಲ್ಲ.

ಮನೆಯ ಹಿಂದೆ ತಗಡಿನ ಶೆಡ್ಡು. ಅಲ್ಲಿಗೆ ಬರುತ್ತಿದ್ದುದೆಲ್ಲ ಬೇರೆಯವರು ಕೈಬಿಟ್ಟ ಕೆಲಸ. ದೊಡ್ಡ ಕಾರ್ಖಾನೆಯವರು ಅಚ್ಚಿನ ಉಕ್ಕಿಗೆ ಬೋಲ್ಟು ಕೂರುವ ತೂತು, ತೂತಿನೊಳಗೆ ಥ್ರೆಡ್ ಎಂಬ ಸುರುಳಿ ಗೆರೆ, ಎಲ್ಲ ಕೊರೆದು ಮುಗಿಸಿ ಆಮೇಲೆ ಕುಲುಮೆಯಲ್ಲಿಟ್ಟು ಹದ ಕೊಡಬೇಕು. ಹದ ಕೊಟ್ಟ ಮೇಲೆ ಉಕ್ಕು ಕಲ್ಲು. ಆದರೆ ನೂರು ಕಣ್ಣು ನೋಡಿದರೂ ಒಂದು ತೂತು ಮರೆತುಹೋಗುತ್ತದೆ. ಬೆಂದ ಮೇಲೆ ಉಪ್ಪು ನೆನಪಾದವರ ಹಾಗೆ ಅವರು ಆ ಕಲ್ಲನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಅಪ್ಪನ ಹತ್ತಿರ ಬರುತ್ತಿದ್ದರು.

ಅಪ್ಪ ಅದಕ್ಕೆ ತೂತು ಕೊರೆದು, ಟ್ಯಾಪನ್ನು ಇಳಿಬಿಟ್ಟು, ಹಿಡಿಕೆ ಹಿಡಿದು ತಿರುಗಿಸುತ್ತಿದ್ದ. ಟ್ಯಾಪ್ ಎಂದರೆ ನೋಡಲು ಬೋಲ್ಟಿನ ಹಾಗೇ. ಅದರ ಹಲ್ಲು ಹರಿತ, ತೂತಿನ ಗೋಡೆಯನ್ನು ಕಚ್ಚಿ ಗೆರೆ ಮೂಡಿಸುತ್ತದೆ. ಮೆತ್ತಗಿನ ಕಬ್ಬಿಣದಲ್ಲಾದರೆ ಯಾರು ಬೇಕಾದರೂ ತಿರುಗಿಸಬಹುದು. ಗಟ್ಟಿ ಉಕ್ಕಿನಲ್ಲಿ ಹಾಗಲ್ಲ. ಉಕ್ಕಿಗೂ ಹಲ್ಲಿಗೂ ಜಗಳ ಹತ್ತಿ ಬಿಸಿ ಏರುತ್ತದೆ. ಆ ಇಕ್ಕಟ್ಟಿನಲ್ಲಿ ಬಿಸಿಗೆ ಹೋಗಲು ಜಾಗವಿಲ್ಲ, ಹಲ್ಲಿನ ತುದಿಗೇ ಸೇರುತ್ತದೆ. ತುದಿ ಮೆತ್ತಗಾಗುತ್ತದೆ, ಕೊರೆದ ಉಕ್ಕಿನ ಸಿಪ್ಪೆ ಅಂಟಿಕೊಳ್ಳುತ್ತದೆ, ಟ್ಯಾಪ್ ಬಿಗಿಯುತ್ತದೆ. ಅಲ್ಲಿ ಒಂದು ಕೂದಲೆಳೆ ಜಾಸ್ತಿ ತಿರುಗಿಸಿದರೆ ಟಕ್ ಅಂತ ಮುರಿದು ಒಳಗೇ ಉಳಿಯುತ್ತದೆ. ಆಮೇಲೆ ಅಚ್ಚೂ ಹೋಯಿತು, ಮಾನವೂ ಹೋಯಿತು.

"ಬಿಸಿಯಾದ ಉಕ್ಕು, ಮುನಿಸ್ಕೊಂಡು ಬಂದ ನೆಂಟ, ಎರಡೂ ಒಂದೇ ಕಣೇ," ಅನ್ನುತ್ತಿದ್ದ ಅಪ್ಪ. "ಅವಸರ ಮಾಡ್ಬಾರ್ದು. ಸ್ವಲ್ಪ ಮುಂದೆ, ಒಂಚೂರು ಹಿಂದೆ. ಮಧ್ಯದಲ್ಲಿ ಎಣ್ಣೆ."

ಅದು ಗಂಧಕ ಬೆರೆಸಿದ ದಪ್ಪ ಕಪ್ಪು ಎಣ್ಣೆ. ಕೊಳೆತ ಮೊಟ್ಟೆಯ ನಾತ. ಹಲ್ಲು ಕಚ್ಚುವ ಜಾಗಕ್ಕೇ ಬೀಳಬೇಕು, ಕಚ್ಚುವ ಮೊದಲೇ ಬೀಳಬೇಕು. ಯಾವಾಗ ಬಿಡಬೇಕು ಎಂದು ಅಪ್ಪ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಹಿಡಿಕೆ ಮೇಲಿನ ಅವನ ಹೆಬ್ಬೆರಳು ಬಿಳಿಚಿಕೊಂಡಿತೆಂದರೆ ಅವಳು ಎಣ್ಣೆ ಬಿಡುತ್ತಿದ್ದಳು. ಹೊಗೆಯ ಎಳೆಯೊಂದು ಕಂಡರೆ "ಅಪ್ಪಾ, ಸಾಕು" ಎನ್ನುತ್ತಿದ್ದಳು. ಅಪ್ಪ ಕೈ ತೆಗೆದು ಬೀಡಿ ಹಚ್ಚುತ್ತಿದ್ದ. ಬೀಡಿ ಮುಗಿಯುವಷ್ಟರಲ್ಲಿ ಉಕ್ಕು ತಾನಾಗೇ ತಣಿಯುತ್ತಿತ್ತು.

ಅವಳಿಗಿಂತ ಚಿಕ್ಕವನು ತಮ್ಮ. ವಿದ್ಯೆ ಕಲಿಯಬೇಕಾದವನು ಅವನೇ ಎಂಬ ಮಾತು ಆ ಮನೆಯಲ್ಲಿ ಯಾರೂ ಆಡಲಿಲ್ಲ. ಆಡುವ ಅಗತ್ಯವೇ ಇರಲಿಲ್ಲ. ಅಪ್ಪ ಹಿಡಿಕೆಯನ್ನು ಅವನ ಕೈಗೆ ಕೊಟ್ಟ. ಅವನದು ಓಡುವ ಕೈ. ಮುಂದೆ ಹೋಗುವಾಗ ಖುಷಿ, ಹಿಂದೆ ತಿರುಗಿಸಬೇಕಾದಾಗ ಬೇಜಾರು. ಮುರಿದ ಟ್ಯಾಪುಗಳ ಡಬ್ಬಿ ತುಂಬುತ್ತಾ ಹೋಯಿತು.

"ಎಣ್ಣೆ ಸರಿಯಾಗಿ ಬಿಡಲಿಲ್ಲ ಇವಳು," ಅನ್ನುತ್ತಿದ್ದ ಪ್ರತಿ ಸಲವೂ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಅವಳೂ ಬಿಡುತ್ತಿರಲಿಲ್ಲ. ಬಾಯಿಗೇನೂ ಬೀಗ ಹಾಕಿಕೊಂಡವಳಲ್ಲ ಎಣ್ಣೆಯಕ್ಕ. ಒಳಗಿನಿಂದ ಅಮ್ಮ ಕೂಗುತ್ತಿದ್ದಳು: "ಗಂಡು ಹುಡುಗನ ಜೊತೆ ಸಮಕ್ಕೆ ಸಮ ಆಡ್ಬೇಡ್ವೇ. ನಿನ್ನ ನಾಲಿಗೆಗೆ ಹೆದರಿಯೇ ಯಾರೂ ಈ ಕಡೆ ತಲೆ ಹಾಕ್ತಿಲ್ಲ."

ಯಾರೂ ತಲೆ ಹಾಕದಿದ್ದುದು ನಾಲಿಗೆಗೆ ಹೆದರಿ ಅಲ್ಲ. ಮದುವೆಯ ಮಾತು ಎರಡು ಕಡೆಯಿಂದ ಬಂದಿತ್ತು. ಒಂದು ಕಡೆಯವರು ಹೊಸ್ತಿಲು ದಾಟುತ್ತಲೇ ಮೂಗು ಮುಚ್ಚಿಕೊಂಡರು. ಇನ್ನೊಂದು ಕಡೆಯವರು ಅವಳ ಕೈ ನೋಡಿ, "ಇದೇನು ಚರ್ಮದ ರೋಗವಾ?" ಎಂದು ಕೇಳಿದರು. ಎಣ್ಣೆ ಕುಡಿದೂ ಕುಡಿದೂ ಅವಳ ಬೆರಳ ಸಂದಿಗಳು ಕೆಂಪಗೆ ಬಿರಿದಿದ್ದವು. ಎಷ್ಟು ಸೋಪು ತಿಕ್ಕಿದರೂ ಉಗುರಿನ ಬುಡದ ಕಪ್ಪು ಹೋಗುತ್ತಿರಲಿಲ್ಲ. ಅದಾದ ಮೇಲೆ ಮನೆಯಲ್ಲಿ ಆ ಮಾತು ನಿಂತೇಹೋಯಿತು.

ಅಪ್ಪನಿಗೆ ಒಂದು ಬೆಳಗ್ಗೆ ಮುಖ ತೊಳೆಯುವಾಗ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಆಸ್ಪತ್ರೆಯಿಂದ ಬಂದಮೇಲೆ ಚಮಚ ಹಿಡಿಯುವಷ್ಟು ಕೈ ತಿರುಗಿತು, ಟ್ಯಾಪ್ ಹಿಡಿಯುವಷ್ಟು ತಿರುಗಲಿಲ್ಲ. ಶೆಡ್ಡಿನಲ್ಲಿ ದೊಡ್ಡ ಕಾರ್ಖಾನೆಯ ಅಚ್ಚೊಂದು ಕಾಯುತ್ತಿತ್ತು. ತಮ್ಮ ಒಂದು ಟ್ಯಾಪ್ ಮುರಿದ. ಮುರಿದ ಚೂರು ಪುಣ್ಯಕ್ಕೆ ಮೇಲೇ ಇತ್ತು, ಎತ್ತಿ ತೆಗೆದರು. ಇನ್ನೊಂದು ಹಾಕಿದ. ಅರ್ಧಕ್ಕೆ ಹೋಗುವಷ್ಟರಲ್ಲಿ ಅದೂ ಬಿಗಿಯಿತು. ಹಿಡಿಕೆ ಬಿಟ್ಟು ನೆಲದ ಮೇಲೆ ಕೂತುಬಿಟ್ಟ. ಹೆದರಿದ ಮಗುವಿನ ಹಾಗೆ ಕಂಡ. ಅವಳಿಗೆ ಕೋಪ ಬರಲಿಲ್ಲ, ಕನಿಕರ ಬಂತು.

"ಏಳು. ಡಬ್ಬಿ ಹಿಡ್ಕೋ," ಎಂದಳು.

ಹಿಡಿಕೆ ಹಿಡಿದಾಗ ಅವಳಿಗೆ ಹೊಸದು ಅನಿಸಲೇ ಇಲ್ಲ. ಅಪ್ಪನ ಹೆಬ್ಬೆರಳನ್ನು ಅಷ್ಟು ವರ್ಷ ನೋಡಿದ ಕಣ್ಣು ತನ್ನ ಕೈಗೆ ತಾನೇ ಹೇಳಿಕೊಟ್ಟಿತು. ಬಿಗಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ಹಿಂದೆ ಸರಿಯಬೇಕು, ಎಲ್ಲಿ ಸುಮ್ಮನೆ ನಿಲ್ಲಬೇಕು ಎಲ್ಲ ಅಂಗೈಗೆ ತಿಳಿಯುತ್ತಿತ್ತು. ಥ್ರೆಡ್ ಮುಗಿದಾಗ ಬೋಲ್ಟು ಹಾಕಿ ನೋಡಿದಳು. ಬೆರಳ ತುದಿಯಲ್ಲೇ ಇಳಿಯಿತು.

ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ಅಪ್ಪ ಎಲ್ಲವನ್ನೂ ನೋಡಿದ್ದ. ತೊದಲುತ್ತಾ ಎರಡು ಮಾತು ಹೇಳಿದ. "ಚೆನ್ನಾಗಿದೆ" ಎಂಬುದು ಒಂದು. ಇನ್ನೊಂದು, "ಹೊರಗೆ ಗೊತ್ತಾಗೋದು ಬೇಡ. ಹೆಂಗಸು ಮಾಡಿದ್ದು ಅಂದ್ರೆ ನಾಳೆಯಿಂದ ಯಾರೂ ಬರಲ್ಲ. ಶಟರ್ ಎಳ್ಕೊಂಡು ಮಾಡು."

ಅಂದಿನಿಂದ ಶಟರಿನ ಹೊರಗೆ ತಮ್ಮ, ಒಳಗೆ ಅವಳು. ಗಿರಾಕಿಗಳ ಜೊತೆ ಮಾತು, ಚಹಾ, ನಗು ಅವನದು. ಶಟರ್ ಇಳಿದ ಮೇಲೆ ಉಕ್ಕಿನ ಜೊತೆ ಜಗಳ ಅವಳದು. ಅವಳೂ ಟ್ಯಾಪ್ ಮುರಿಯಲಿಲ್ಲ ಅಂತಲ್ಲ, ಮುರಿದಳು. ಮುರಿದ ದಿನ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಆದರೆ "ಅವನ ಕೈ ಅಪ್ಪನಿಗಿಂತ ಒಂದು ಕೈ ಮೇಲು" ಎಂದು ಬೀದಿಯೆಲ್ಲ ಹೇಳಿತು. ಬರುಬರುತ್ತಾ ಅವನೂ ಅದನ್ನು ನಂಬಿದ. ಸುಳ್ಳು ಹೇಳುವವನಿಗಿಂತ ತನ್ನ ಸುಳ್ಳನ್ನು ತಾನೇ ನಂಬಿದವನು ಅಪಾಯ. ಆದರೆ ಅವಳಿಗೆ ಆಗ ಅದು ತಮಾಷೆಯಾಗಿಯೇ ಕಂಡಿತ್ತು. ಮನೆಯವನೇ ತಾನೇ, ಮಾನ ಯಾರಿಗೆ ಬಂದರೇನು ಅಂದುಕೊಂಡಿದ್ದಳು.

ಅಪ್ಪ ತೀರಿಕೊಂಡ. ತಮ್ಮನಿಗೆ ಮದುವೆಯಾಯಿತು. ಅಚ್ಚು ಕಳಿಸುತ್ತಿದ್ದ ಕಾರ್ಖಾನೆಯ ಮ್ಯಾನೇಜರ್ ಅವನನ್ನು ಕರೆದು, "ನಿನ್ನಂಥ ಕೈ ನಮ್ಮಲ್ಲೇ ಇರಲಿ," ಎಂದು ಥ್ರೆಡ್ ವಿಭಾಗಕ್ಕೆ ಮೇಲ್ವಿಚಾರಕನನ್ನಾಗಿ ಮಾಡಿಕೊಂಡ. ಅಲ್ಲಿ ಎಲ್ಲ ಮೆಷಿನ್ನು. ಗುಂಡಿ ಒತ್ತಿದರೆ ಆಯಿತು. ತಮ್ಮ ಬೇರೆ ಮನೆ ಮಾಡಿದ. ಹೋಗುವ ಮೊದಲು ಶೆಡ್ಡನ್ನು ಒಬ್ಬ ಬಣ್ಣದ ವ್ಯಾಪಾರಿಗೆ ಮಾರಿದ. ಅವಳಿಗೆ ಗೊತ್ತಾದದ್ದು ಬಂದವರು ಟ್ಯಾಪುಗಳನ್ನು ಗೋಣಿಚೀಲಕ್ಕೆ ಸುರಿಯುವಾಗ.

"ಒಂದು ಮಾತು ಕೇಳ್ಬಾರ್ದಿತ್ತೇನೋ?"

"ಕೇಳೋದೇನಿದೆ ಅಕ್ಕ? ಇನ್ನಾದರೂ ನೀನು ಆರಾಮಾಗಿ ಮನೇಲಿರು. ಅಮ್ಮನ್ನ ನೋಡ್ಕೊಂಡು."

ಎಣ್ಣೆಡಬ್ಬಿಯನ್ನೂ ಒಂದು ಡಬ್ಬ ಕಪ್ಪು ಎಣ್ಣೆಯನ್ನೂ ಮಾತ್ರ ಅವಳು ಚೀಲಕ್ಕೆ ಹೋಗಲು ಬಿಡಲಿಲ್ಲ.

ಕಾರ್ಖಾನೆಯಲ್ಲಿ ಕೆಲವು ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ಹೊಸ ಬಗೆಯ ಉಕ್ಕು ಬಂತು, ಮೊದಲಿನದಕ್ಕಿಂತ ಎರಡು ಪಟ್ಟು ಮೊಂಡು. ಥ್ರೆಡ್ ಕೊರೆಯಲು ಮೆಷಿನ್ನಿಗೆ ಹಾಕುವ, ಕಾರ್ಬೈಡ್ ಎಂಬ ಗಡಸು ಲೋಹದ ಕಟ್ಟರುಗಳು ಒಂದರ ಹಿಂದೆ ಒಂದು ಒಡೆಯತೊಡಗಿದವು. ಮ್ಯಾನೇಜರ್ ತಮ್ಮನ ಮುಖ ನೋಡಿದ. ತಮ್ಮ ಬಿಸಿ ತಣಿಸುವ ಹಾಲಿನಂಥ ಕೂಲಂಟ್ ನೀರನ್ನು ಇನ್ನಷ್ಟು ಜೋರಾಗಿ ಬಿಡಿಸಿದ. ಇನ್ನಷ್ಟು ಬೇಗ ಒಡೆದವು. ಅದೇ ಹೊತ್ತಿಗೆ, ಹಿಂದೆ ಅಚ್ಚು ಹೊತ್ತು ತರುತ್ತಿದ್ದ ಕೈಗಾಡಿಯವನು ಗೇಟಿನ ಹತ್ತಿರ ಮ್ಯಾನೇಜರ್‌ಗೆ ಸಿಕ್ಕಿ, ಲೋಕಾಭಿರಾಮವಾಗಿ ಬಾಯಿಬಿಟ್ಟ: "ಅವನ ಕೈಲಿ ಏನಾಗುತ್ತೆ ಸ್ವಾಮಿ? ಶಟರ್ ಕೆಳಗಿಂದ ನಾನೇ ನೋಡಿದೀನಿ. ತಿರುಗಿಸ್ತಿದ್ದದ್ದು ಆ ಹೆಣ್ಣುಮಗಳು."

ಮ್ಯಾನೇಜರ್ ತಮ್ಮನನ್ನು ಕರೆದು ಬೈಯಲಿಲ್ಲ. "ಗುರುವಾರ ನಿಮ್ಮ ಅಕ್ಕನ್ನ ಕರ್ಕೊಂಡು ಬಾ, ನೋಡೋಣ," ಎಂದ.

ತಮ್ಮ ಬುಧವಾರ ಸಂಜೆ ಮನೆಗೆ ಬಂದ. ತಿಂಗಳುಗಟ್ಟಲೆ ಮುಖ ತೋರಿಸದವನು ಬಂದು ಅಮ್ಮನ ಕಾಲ ಬಳಿ ಕೂತ. ಅಕ್ಕನಿಗೆ ಹೊಸ ಚಪ್ಪಲಿ ತಂದಿದ್ದ. ಬಂದ ವಿಷಯ ಹೇಳಿದ. ಶಟರ್ ಇಲ್ಲದ ಜಾಗದಲ್ಲಿ, ಹಾಡಹಗಲು, ನಾಲ್ಕು ಜನರ ಎದುರು!

"ಅಲ್ಲಿ ಟ್ಯಾಪ್ ಎಂಥದ್ದೋ?"

"ಎಲ್ಲ ಒಂದೇ ಅಕ್ಕ. ಉಕ್ಕು ಅಷ್ಟೇ, ಬಿಸಿ ಅಷ್ಟೇ. ನಿನ್ನ ಎಣ್ಣೆ ತಗೊಂಡು ಬಾ. ಅದಿದ್ದರೆ ಸಾಕು."

ಬೆಳಗ್ಗೆ ಅವಳು ಹೊಸ ಚಪ್ಪಲಿ ಮೆಟ್ಟಿ, ಎಣ್ಣೆಡಬ್ಬಿಯನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಹೋದಳು. ಆ ನೆಲ ಅಡುಗೆಮನೆಗಿಂತ ಚೊಕ್ಕಟವಾಗಿತ್ತು. ಗಾಜಿನ ಬಾಗಿಲಿನ ಮೆಷಿನ್ನು ಒಂದು ಕೋಣೆಯಷ್ಟು ದೊಡ್ಡದು. ಅದನ್ನು ನಡೆಸುವವನು ನಡುವಯಸ್ಸಿನ ದಪ್ಪ ಮನುಷ್ಯ, ಎದ್ದು ನಿಂತು "ಬನ್ನಿ ಅಕ್ಕ" ಎಂದ. ಮ್ಯಾನೇಜರ್ ಕೈಕಟ್ಟಿ ನಿಂತಿದ್ದ. ತಮ್ಮ ಕಂಬಕ್ಕೆ ಒರಗಿದ್ದ.

ಕಟ್ಟರ್ ನೋಡಿದ ಕೂಡಲೇ ಅವಳಿಗೆ ಇದು ಟ್ಯಾಪ್ ಅಲ್ಲ ಎಂದು ತಿಳಿಯಿತು. ಟ್ಯಾಪ್ ತೂತಿನ ತುಂಬ ಕೂತು ನಿಧಾನಕ್ಕೆ ಇಳಿಯುತ್ತದೆ. ಇದು ಪೆನ್ಸಿಲಿನಷ್ಟು ಸಣ್ಣದು. ಬುಗುರಿಯ ಹಾಗೆ ತಿರುಗುತ್ತಾ, ತೂತಿನ ಗೋಡೆಯನ್ನು ಸವರಿಕೊಂಡು ಸುತ್ತು ಹಾಕುತ್ತದೆ. ಒಂದು ಕ್ಷಣ ಕಚ್ಚುತ್ತದೆ, ಮರುಕ್ಷಣ ಬಿಡುತ್ತದೆ. ಹೆಬ್ಬೆರಳಿಗೆ ಇಲ್ಲಿ ಕೆಲಸವೇ ಇರಲಿಲ್ಲ. "ಇದನ್ನ ನಾನು ನೋಡಿಲ್ಲ, ಸ್ವಲ್ಪ ಹೇಳಿ" ಎಂಬ ಮಾತು ಅವಳ ನಾಲಿಗೆ ತುದಿಯವರೆಗೂ ಬಂತು. ಆದರೆ ಅಷ್ಟು ವರ್ಷ ಶಟರಿನ ಹಿಂದೆ ಕೂತು ಕಾದವಳು, ಕರೆದ ದಿನವೇ ಗೊತ್ತಿಲ್ಲ ಅನ್ನುವುದು ಹೇಗೆ? ನುಂಗಿಕೊಂಡಳು.

"ನೀರು ನಿಲ್ಸಿ. ನಾನು ಎಣ್ಣೆ ಬಿಡ್ತೀನಿ," ಎಂದಳು.

ಮೆಷಿನ್ನಿನವನು ತಮ್ಮನ ಕಡೆ ನೋಡಿದ. ತಮ್ಮ ತನ್ನ ಬೂಟಿನ ತುದಿ ನೋಡುತ್ತಿದ್ದ.

ಸುತ್ತೊಂದು ಮುಗಿದು ಕಟ್ಟರ್ ಮೇಲೆ ಬಂದಾಗಲೆಲ್ಲ ಅವಳು ಕೊಳವೆ ಚಾಚಿ ಎಣ್ಣೆ ಬಿಟ್ಟಳು. ಮೊದಲ ತೂತು ಮುಗಿಯಿತು. ಮ್ಯಾನೇಜರ್ ತಲೆಯಾಡಿಸಿದ. ಅವಳ ಮುಖಕ್ಕೆ ರಕ್ತ ನುಗ್ಗಿತು. ಎರಡನೆಯ ತೂತಿನಲ್ಲಿ ಹೊಗೆಯ ಬಣ್ಣ ಬೇರೆ ಇತ್ತು, ಸದ್ದು ಕೀರಲಾಗಿತ್ತು. ಕಟ್ಟರ್ ಮೇಲೆ ಬಂದಾಗ ಅದರ ಅಂಚು ಕೆಂಪಗೆ ಮಿಣುಕಿದ ಹಾಗಾಯಿತು. ಅವಳು ಗಾಬರಿಯಲ್ಲಿ ಇನ್ನಷ್ಟು ಎಣ್ಣೆ ಸುರಿದಳು. ಚಳಿಗಾಲದಲ್ಲಿ ಗಾಜಿನ ಲೋಟಕ್ಕೆ ಕುದಿಯುವ ನೀರು ಸುರಿದಾಗ ಬರುತ್ತದಲ್ಲ, ಅಂಥದೇ ಸಣ್ಣ ಸದ್ದು. ಮತ್ತೆ ಒಳಗಿಳಿದ ಕಟ್ಟರ್ ಮೂರು ಚೂರಾಗಿ ತೂತಿನಲ್ಲೇ ಉಳಿಯಿತು.

ಎಣ್ಣೆ ಆ ಚೊಕ್ಕಟ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು.

"ನಾನು ಮೊದಲೇ ಹೇಳಿದ್ನಲ್ಲ ಸರ್," ಎಂದ ತಮ್ಮ, ಎಲ್ಲರಿಗೂ ಕೇಳುವ ಹಾಗೆ. "ಇವಳಿಗೆ ಎಣ್ಣೆ ಬಿಡೋದು ಬಿಟ್ಟರೆ ಬೇರೇನೂ ಬರಲ್ಲ. ಜನ ಏನೇನೋ ಹೇಳ್ತಾರೆ."

ಮ್ಯಾನೇಜರ್ ಮರ್ಯಾದಸ್ಥ. "ಪರವಾಗಿಲ್ಲಮ್ಮ, ನಿಮಗೆ ತೊಂದರೆ ಕೊಟ್ವಿ," ಎಂದು ಕಳಿಸಿಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಗೇಟು ದಾಟಿ ಬಸ್ಸಿಗೆ ನಿಂತಿದ್ದಾಗ ಮೆಷಿನ್ನಿನವನು ಏದುಸಿರು ಬಿಡುತ್ತಾ ಬಂದ. ಅವಳ ಎಣ್ಣೆಡಬ್ಬಿ ಅಲ್ಲೇ ಉಳಿದಿತ್ತು. ಕೊಟ್ಟು ಹೊರಡದೆ ನಿಂತ.

"ಅಕ್ಕ, ತಪ್ಪು ತಿಳೀಬೇಡಿ. ಆ ಕಟ್ಟರಿಗೆ ಎಣ್ಣೆನೂ ಬೇಡ, ನೀರೂ ಬೇಡ. ಗಾಳಿ ಹೊಡೆದ್ರೆ ಸಾಕು. ಸಿಪ್ಪೆ ಹಾರಿಹೋಗುತ್ತೆ, ಬಿಸಿನೂ ಸಿಪ್ಪೆ ಜೊತೆಗೇ ಹೋಗುತ್ತೆ. ಅದು ಬಿಸಿ ತಡೆಯುತ್ತೆ ಅಕ್ಕ, ಬಿಸಿ ಮೇಲೆ ತಂಪು ಬಿದ್ದರೆ ಮಾತ್ರ ತಡೆಯಲ್ಲ, ಸೀಳು ಬಿಡುತ್ತೆ."

"ನಿಮಗೆ ಯಾರು ಹೇಳಿದ್ರು?"

"ಕಟ್ಟರ್ ಮಾಡೋ ಕಂಪನಿಯವರು ನಿನ್ನೆ ಮಧ್ಯಾಹ್ನ ಬಂದಿದ್ರು. ಮ್ಯಾನೇಜರ್ ಇರಲಿಲ್ಲ. ನಾನು, ನಿಮ್ಮ ತಮ್ಮ, ಇಬ್ಬರೇ."

"ನಿನ್ನೆ ಮಧ್ಯಾಹ್ನವೇ?"

"ಹೂಂ. ಹಾಗಾದ್ರೆ ಗಾಳಿ ಪೈಪ್ ಜೋಡಿಸ್ಲಾ ಅಂತ ಕೇಳಿದೆ. ‘ನಾಳೆ ಅವಳು ಬಂದು ಹೋಗ್ಲಿ, ಆಮೇಲೆ ಜೋಡಿಸು’ ಅಂದ್ರು ನಿಮ್ಮ ತಮ್ಮ."

"ಅಲ್ಲಿ ನಿಂತಿದ್ರಲ್ಲ, ಒಂದು ಮಾತು ಹೇಳೋಕೇನಾಗಿತ್ತು?"

ಅವನು ತಲೆ ಕೆರೆದುಕೊಂಡ. "ಅವರು ನಮಗೆ ಮೇಲಿನವರು ಅಕ್ಕ. ನನಗೂ ಹೆಂಡತಿ ಮಕ್ಕಳಿದಾರೆ."

ಮರುದಿನ ತಮ್ಮ ಗಾಳಿಯ ಪೈಪು ಜೋಡಿಸಿ ಇನ್ನೊಂದು ಅಚ್ಚು ಮುಗಿಸಿದನಂತೆ. ಕಾರ್ಖಾನೆಯಲ್ಲಿ ಎಲ್ಲರೂ ಬೆನ್ನು ತಟ್ಟಿದರಂತೆ. ಆ ಸುದ್ದಿ ಹೇಳಲೆಂದೇ ಅವನು ಅಮ್ಮನ ಹತ್ತಿರ ಬಂದಿದ್ದ. ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಎದುರಿಗೆ ನಿಂತಳು.

"ಬುಧವಾರ ಸಂಜೆ ನೀನು ಇಲ್ಲಿ ಕೂತಿದ್ದಾಗ ನಿನಗೆ ಗೊತ್ತಿತ್ತೋ ಇಲ್ವೋ?"

ಅವನು ಬಾಯಿ ತೆರೆಯುವ ಮೊದಲೇ ಅಮ್ಮ ನಡುವೆ ಬಂದಳು: "ಗೊತ್ತಿದ್ದರೆ ಹೇಳ್ದೇ ಇರ್ತಿದ್ನೇ? ನನ್ನ ಮಗ ಅಂಥವನಲ್ಲ."

"ಅಮ್ಮ, ನೀನು ಸುಮ್ನಿರು. ಅವನೇ ಹೇಳಲಿ."

"ಗೊತ್ತಿತ್ತು," ಎಂದ ತಮ್ಮ. ಎದ್ದು ನಿಂತ. ದನಿಯಲ್ಲಿ ನಾಚಿಕೆಯಿರಲಿಲ್ಲ, ಸಿಟ್ಟಿತ್ತು. "ಗೊತ್ತಿತ್ತು, ಏನೀಗ? ನೀನು ಗೆದ್ದಿದ್ರೆ ನಾನು ಏನಾಗ್ತಿದ್ದೆ ಯೋಚ್ನೆ ಮಾಡಿದೀಯಾ? ನನ್ನ ಹೆಂಡತಿ, ಮಕ್ಕಳು? ನಿನಗೇನು, ಒಂಟಿ ಜೀವ. ಸೋತರೂ ಮನೆಗೆ ಬಂದು ಉಂಡು ಮಲಗ್ತೀಯಾ."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಅನಿಸಿತು. ಬಾರಿಸಲಿಲ್ಲ. ಹೊಸ ಚಪ್ಪಲಿಯನ್ನು ತಂದು ಅವನ ಕಾಲ ಮುಂದೆ ಇಟ್ಟಳು. "ತಗೊಂಡು ಹೋಗು. ಇನ್ನು ಈ ಹೊಸ್ತಿಲು ತುಳೀಬೇಡ," ಎಂದಳು. ಅವನು ಚಪ್ಪಲಿ ಅಲ್ಲೇ ಬಿಟ್ಟು ಹೋದ. ಅಮ್ಮ ಆ ರಾತ್ರಿ ಊಟ ಬಿಟ್ಟಳು, ಮಗನ ಮುಖ ಬಾಡಿತ್ತೆಂದು.

ಬೀದಿಯ ಬಾಯಿಗೆ ಬಾಗಿಲು ಎಲ್ಲಿ? "ತಮ್ಮನ ಮಾನ ಕಳೆಯೋಕೆ ಹೋಗಿ ತನ್ನ ಮಾನ ಕಳ್ಕೊಂಡ್ಲು" ಎಂದು ಆಡಿಕೊಂಡರು. ಒಂದು ವರ್ಷ ಅವಳು ಮನೆಯಿಂದ ಆಚೆ ಹೋದದ್ದು ಅಪರೂಪ. ಆಮೇಲೆ ಹೊಟ್ಟೆಪಾಡು ಕೇಳಬೇಕಲ್ಲ. ಊರಾಚೆಯ ಸಣ್ಣ ರಿಪೇರಿ ಶೆಡ್ಡಿನಲ್ಲಿ ಟ್ಯಾಪುಗಳಿಗೆ ಸಾಣೆ ಹಿಡಿಯುವ ಕೆಲಸಕ್ಕೆ ಸೇರಿಕೊಂಡಳು. ಅಲ್ಲಿನ ಯಜಮಾನ ಒಳ್ಳೆಯವನು, ವಾಚಾಳಿ. ಹಳೆಯ ಬಗೆಯ ಉಕ್ಕು ಬಂದಾಗ ಹಿಡಿಕೆಯನ್ನೂ ಅವಳಿಗೇ ಕೊಡುತ್ತಿದ್ದ. ಅವಳು ತಿರುಗಿಸುತ್ತಿದ್ದಳು, ಕೆಲಸ ಕೆಡುತ್ತಿರಲಿಲ್ಲ. ಆದರೆ ಆ ಗುರುವಾರದ ಸದ್ದು ಕಿವಿಯಿಂದ ಹೋಗಿರಲಿಲ್ಲ. ತಮ್ಮನ ಮೋಸ ಒಂದು ಕಡೆ ಇರಲಿ. ಕೇಳಿದ್ದರೆ ಆ ದಪ್ಪ ಮನುಷ್ಯ ಹೇಳುತ್ತಿದ್ದನೋ ಏನೋ. ತಾನು ಕೇಳಲಿಲ್ಲ. ಎರಡೂ ಸೇರಿಯೇ ಅವಳನ್ನು ಸುಡುತ್ತಿದ್ದವು. ಯಾವುದು ಜಾಸ್ತಿ ಎಂದು ಅವಳಿಗೇ ಬಗೆಹರಿಯುತ್ತಿರಲಿಲ್ಲ.

ಅಮ್ಮ ಮಗನ ಮನೆಗೆ ಹೋಗುತ್ತೇನೆಂದು ಎರಡು ಸಲ ಗಂಟು ಕಟ್ಟಿದಳು. ಸೊಸೆ "ಜಾಗ ಸಾಲದು ಅತ್ತೆ" ಎಂದಳು. ಹಾಗಾಗಿ ಮಗಳ ಜೊತೆಯೇ ಉಳಿದಳು, ಮಗನ ಮಾತನ್ನೇ ಆಡುತ್ತಾ. ಹಾಸಿಗೆ ಹಿಡಿದ ಮೇಲೆ ತೊಳೆದು, ಬಳಿದು, ತುತ್ತು ಇಟ್ಟವಳು ಎಣ್ಣೆಯಕ್ಕ. ಬಿರುಕು ಬಿಟ್ಟ ಬೆರಳು ತಾಗಿದಾಗಲೆಲ್ಲ ಅಮ್ಮ, "ಗರಗಸ ಇದ್ದ ಹಾಗಿದೆ ನಿನ್ನ ಕೈ" ಎಂದು ಮುಖ ಸಿಂಡರಿಸುತ್ತಿದ್ದಳು.

ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಅಮ್ಮ ತಾನಾಗಿಯೇ ಹೇಳಿದಳು. "ಅವನು ಮಾಡಿದ್ದು ನನಗೆ ಅವತ್ತೇ ಗೊತ್ತಾಯ್ತು. ಮುಖ ನೋಡಿದ್ರೆ ತಿಳಿಯಲ್ವೇ."

"ಮತ್ತೆ ಯಾಕಮ್ಮ ಅವನ ಪರ ಮಾತಾಡಿದೆ?"

"ನೀನು ತಡ್ಕೋತೀಯಾ. ಅವನು ತಡ್ಕೊಳ್ಳಲ್ಲ."

"ತಡ್ಕೊಳ್ಳೋರ ತಲೆ ಮೇಲೇ ಎಲ್ಲರೂ ಕಲ್ಲು ಹೊರಿಸ್ತಾ ಹೋಗೋದಾ?"

ಅಮ್ಮ ಗಂಜಿ ಉಪ್ಪಾಯಿತು ಎಂದಳು. ಅದಾಗಿ ಸ್ವಲ್ಪ ದಿನಕ್ಕೇ ತೀರಿಹೋದಳು. ತಮ್ಮ ಬಂದು, ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತು, ಬಂದವರನ್ನು ಮಾತಾಡಿಸಿ ಕಳಿಸಿದ. ಹೊಸ್ತಿಲು ಮಾತ್ರ ತುಳಿಯಲಿಲ್ಲ. ಅವಳೂ ಒಳಗೆ ಬಾ ಎನ್ನಲಿಲ್ಲ.

ಕಾಲ ಕಳೆದು ಆ ಸಣ್ಣ ಶೆಡ್ಡಿಗೂ ಮೊಂಡು ಉಕ್ಕು ಬಂತು. ಯಜಮಾನ ಹಳೆಯದೊಂದು ಮೆಷಿನ್ನು ತರಿಸಿದ, ಕಾರ್ಬೈಡ್ ಕಟ್ಟರುಗಳನ್ನೂ ತರಿಸಿದ. ಹುಮ್ಮಸ್ಸಿನಲ್ಲಿ ಬಕೆಟ್ಟುಗಟ್ಟಲೆ ಕೂಲಂಟ್ ಕಲಸಿಟ್ಟುಕೊಂಡು ಶುರುಮಾಡಿದ. ಎರಡು ಒಡೆದ. ಮೂರನೆಯದನ್ನು ಕೈಗೆತ್ತಿಕೊಂಡಾಗ ಅವಳು ಸಾಣೆಕಲ್ಲು ನಿಲ್ಲಿಸಿ ಎದ್ದು ಬಂದಳು. ಟೈರಿಗೆ ಗಾಳಿ ತುಂಬುವ ಪಂಪಿನಿಂದ ಪೈಪು ಎಳೆದು ಕಟ್ಟರಿನ ಬುಡಕ್ಕೆ ಗುರಿ ಇಟ್ಟು ಕಟ್ಟಿದಳು. ನೀರಿನ ಕೊಳಾಯಿಯನ್ನು ತಿರುಗಿಸಿ ಮುಚ್ಚಿದಳು.

"ನೀರಿಲ್ಲದೇ ಕೊರೀತೀರಾ? ಸುಟ್ಟುಹೋಗುತ್ತೆ ಅಕ್ಕ!"

"ಹೋಗಲ್ಲ. ಮೆಷಿನ್ ಬಿಡಿ."

ಸಿಪ್ಪೆ ನೀಲಿ ಬಣ್ಣಕ್ಕೆ ತಿರುಗಿ ಪುರಪುರನೆ ಹಾರಿತು. ಬಿಸಿಯನ್ನೆಲ್ಲ ಅದೇ ಹೊತ್ತುಕೊಂಡು ಹೋಯಿತು. ಒಂದು, ಎರಡು, ನಾಲ್ಕು ತೂತು. ಕೈಯಲ್ಲಿ ಎಣ್ಣೆಯಿಲ್ಲದೆ ಸುಮ್ಮನೆ ನಿಂತು ನೋಡುವುದೇ ಅವಳಿಗೆ ದೊಡ್ಡ ಶಿಕ್ಷೆಯಾಗಿತ್ತು. ಬೆರಳುಗಳು ತಾವಾಗೇ ಮಡಚಿಕೊಳ್ಳುತ್ತಿದ್ದವು. ಆದರೂ ನಿಂತಳು. ಎಲ್ಲ ಮುಗಿದ ಮೇಲೆ ಯಜಮಾನ ಬೋಲ್ಟು ಹಾಕಿ ನೋಡಿದ. ಸಲೀಸಾಗಿ ಇಳಿಯಿತು. ಅವನು ಹಲ್ಲು ಕಿರಿದ.

"ಭಲೇ ಅಕ್ಕ! ಈ ಗಾಳಿಯ ವಿದ್ಯೆ ಎಲ್ಲಿ ಕಲಿತ್ರಿ? ಆ ದೊಡ್ಡ ಕಾರ್ಖಾನೆಯಲ್ಲಿ ಇದನ್ನ ಮೊದಲು ಕಂಡುಹಿಡಿದದ್ದು ನಿಮ್ಮ ತಮ್ಮನೇ ಅಂತಲ್ಲ, ಅವರು ಹೇಳಿಕೊಟ್ಟಿದ್ದಾ?"

ಎಣ್ಣೆಯಕ್ಕ ಪಂಪಿನ ಗಾಳಿ ನಿಲ್ಲಿಸಿದಳು.

"ಹೌದು," ಎಂದಳು. "ಅವನೇ ಕಲಿಸಿದ್ದು."

"ನೋಡಿ, ಒಡಹುಟ್ಟಿದವರು ಅಂದ್ರೆ ಹಾಗಿರಬೇಕು," ಎಂದ ಯಜಮಾನ, ಮನಸ್ಸು ತುಂಬಿ. ಅವಳು ಮೇಜಿನ ಮೇಲಿನ ಸಿಪ್ಪೆಯನ್ನು ಬ್ರಷ್ಷಿನಿಂದ ಗುಡಿಸಿ, ಮುಂದಿನ ಅಚ್ಚನ್ನು ಎತ್ತಿಡಲು ಹೇಳಿದಳು.